ಆರನೆಯ ಬಾಗಿಲಿನ ಕರನಿ

ಸರ್ಕಾರದ ಲೆಕ್ಕದಲ್ಲಿ ಕರನಿ ಸಿಮೆಂಟಿನ ಜೊತೆಗಿದ್ದ. ಸಿಮೆಂಟು, ಜಲ್ಲಿ, ಕಬ್ಬಿಣದ ಕೊಳವೆ, ನೀರೆತ್ತುವ ಪಂಪು, ಆಮೇಲೆ ಕರನಿ. ತಮಾಷೆಗೆ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಫಯ್ಯೂಮಿನ ನಮ್ಮ ತಾಲ್ಲೂಕು ಆರೋಗ್ಯ ಕಚೇರಿಯ ಬಜೆಟ್ ಮೇಜಿನಲ್ಲಿ ಕೂತು ಆ ಪಟ್ಟಿಯನ್ನು ವರ್ಷ ವರ್ಷ ಕೈರೋಗೆ ಕಳಿಸುತ್ತಿದ್ದವನು ನಾನೇ, ಫಿಕ್ರಿ.

ನಮ್ಮಲ್ಲಿ ಬಜೆಟ್ಟಿನ ಬಾಬ್ತುಗಳಿಗೆ ಬಾಗಿಲು ಎಂದೇ ಹೆಸರು. ಮೊದಲನೆಯ ಬಾಗಿಲು ಸಂಬಳದ್ದು. ಎರಡನೆಯದು ಔಷಧಿ, ಕಾಗದ, ಪೆಟ್ರೋಲು ಇತ್ಯಾದಿ ಸಾಮಾನಿನದು. ನಡುವೆ ಸಾಲದ ಬಡ್ಡಿ, ಸಹಾಯಧನ ಅಂತ ಇನ್ನೂ ಕೆಲವು. ಆರನೆಯದು ಕಾಮಗಾರಿ, ಯೋಜನೆಗಳದು. ಮೊದಲ ಬಾಗಿಲಿಂದ ಸಂಬಳ ತೆಗೆದುಕೊಳ್ಳುವವನು ಕಾಯಂ ನೌಕರ. ಅವನಿಗೆ ರಜೆ ಉಂಟು, ಆಸ್ಪತ್ರೆಯ ಚೀಟಿ ಉಂಟು, ಸತ್ತರೆ ಹೆಂಡತಿಗೆ ಪಿಂಚಣಿ ಉಂಟು. ಕಾಯಂ ಮಾಡಲು ಧೈರ್ಯವಿಲ್ಲದ, ಮನೆಗೆ ಕಳಿಸಲು ಮನಸ್ಸೂ ಬಾರದ ಜನರನ್ನು ಸರ್ಕಾರ ಆರನೆಯ ಬಾಗಿಲಲ್ಲಿ ನಿಲ್ಲಿಸುತ್ತದೆ. ಯೋಜನೆ ಇರುವಷ್ಟು ದಿನ ಅವರಿಗೆ ಕೂಲಿ. ಯೋಜನೆ ಮುಗಿಯಿತೋ, ಉಳಿದ ಜಲ್ಲಿಯ ಜೊತೆ ಅವರನ್ನೂ ಗುಡಿಸಿ ಹಾಕುತ್ತಾರೆ. ಹಾಗಾಗಿ ನಮ್ಮ ಕಡೆ ಹೆಣ್ಣು ಕೇಳಲು ಹೋದರೆ ಹುಡುಗನ ಅಪ್ಪ ಯಾರು ಅಂತ ಕೇಳುವ ಮೊದಲು "ಯಾವ ಬಾಗಿಲು?" ಅಂತ ಕೇಳುತ್ತಾರೆ. ಆರನೆಯದು ಅಂದರೆ ಚಹಾ ಕುಡಿಸಿ ಕಳಿಸುತ್ತಾರೆ. ಆ ಚಹಾಕ್ಕೆ ಸಕ್ಕರೆಯೂ ಕಡಿಮೆ.

ಇನ್ಶಿರಾ ಆ ಪ್ರಶ್ನೆ ಕೇಳದೆ ಕರನಿಯನ್ನು ಕಟ್ಟಿಕೊಂಡವಳು. "ನಾನು ಬಾಗಿಲನ್ನ ಮದುವೆ ಆಗಿಲ್ಲ, ಗಂಡಸನ್ನ ಆಗಿದೀನಿ," ಅಂತ ತವರಿನವರ ಬಾಯಿ ಮುಚ್ಚಿಸಿದ್ದಳಂತೆ. ಮಕ್ಕಳಾಗಲಿಲ್ಲ. ಎರಡು ಕೋಣೆಯ ಮನೆ, ಒಂದಷ್ಟು ಬಾತುಕೋಳಿ, ಇನ್ಶಿರಾಳ ತಂಗಿಯ ಮೊಮ್ಮಗಳು ನದಾ ಎಂಬ ಪುಟ್ಟಿ ಬೆಳಗಿನಿಂದ ಸಂಜೆಯವರೆಗೆ ಇವರ ಅಂಗಳದಲ್ಲೇ. ಹೊಲ ಇಲ್ಲ, ಗದ್ದೆ ಇಲ್ಲ. ಕರನಿ ಕಣ್ಣು ಮುಚ್ಚಿದರೆ ಅವಳಿಗೆ ಗತಿ ಏನು ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಅವಳು ಮಾತ್ರ ಅದನ್ನು ಆಡುತ್ತಿರಲಿಲ್ಲ.

ಅವನ ಕೆಲಸ ಹುಳ ಹುಡುಕುವುದು. ಕಾಲುವೆಯಲ್ಲಿ ಒಂದು ಜಾತಿಯ ಸಣ್ಣ ಬಸವನಹುಳು ಇರುತ್ತದೆ. ಕೆಂಪುಮೂತ್ರದ ರೋಗ ಅದರ ಹೊಟ್ಟೆಯಲ್ಲಿ ಬೆಳೆದು, ನೀರಿಗಿಳಿದು, ಮನುಷ್ಯರ ಚರ್ಮ ತೂರಿ ಒಳಗೆ ಹೋಗುತ್ತದೆ. ನಮ್ಮಪ್ಪನ ಕಾಲದಲ್ಲಿ ಮೂತ್ರದಲ್ಲಿ ರಕ್ತ ಬರದ ಹುಡುಗನನ್ನು "ಇನ್ನೂ ಗಂಡಸಾಗಿಲ್ಲ" ಅಂತ ಹಾಸ್ಯ ಮಾಡುತ್ತಿದ್ದರು, ಅಷ್ಟು ಮಾಮೂಲಿ. ಕರನಿಯ ಅಣ್ಣ ಅದರಲ್ಲೇ ಸತ್ತ. ಕರನಿಗೂ ಚಿಕ್ಕಂದಿನಲ್ಲಿ ಬಂದು ವಾಸಿಯಾಗಿತ್ತು, ಆದರೆ ಪಿತ್ತಜನಕಾಂಗ ಆಗಲೇ ಕೆಟ್ಟಿತ್ತು. ಉದ್ದ ಹಿಡಿಯ ಜರಡಿ ಹಿಡಿದು, ತೊಡೆಯವರೆಗೆ ರಬ್ಬರ್ ಬೂಟು ಹಾಕಿಕೊಂಡು, ಕಾಲುವೆಯ ಅಂಚಿನ ಹುಲ್ಲನ್ನು ಗೋರಿ, ಹುಳ ಸಿಕ್ಕಿದ ಕಡೆ ಗುರುತು ಹಾಕಿ, ಅಲ್ಲಿ ಮದ್ದು ಸುರಿದು ಕೊಲ್ಲುವುದು. ಇಪ್ಪತ್ತು ವರ್ಷದ ಮೇಲೆ ಇದನ್ನೇ ಮಾಡಿದ. ಜನ ಅವನನ್ನು ಹುಳದ ಕರನಿ ಎಂದರು. ಕಚೇರಿಯಲ್ಲಿ ನಾವು ಸಿಮೆಂಟು ಎನ್ನುತ್ತಿದ್ದೆವು. ಅವನು ಎರಡಕ್ಕೂ ಓ ಎನ್ನುತ್ತಿದ್ದ.

ಒಂದು ವಸಂತದಲ್ಲಿ ಕೈರೋದಿಂದ ಸುತ್ತೋಲೆ ಬಂತು. ಆರನೆಯ ಬಾಗಿಲಿನ ನೌಕರರನ್ನು ಜುಲೈ ತಿಂಗಳ ಹೊಸ ಬಜೆಟ್ಟಿನಲ್ಲಿ ಮೊದಲ ಬಾಗಿಲಿಗೆ ತರಲಾಗುವುದು. ಕಚೇರಿಯಲ್ಲಿ ಹೆಂಗಸರು ಮದುವೆಮನೆಯ ಹಾಗೆ ನಾಲಿಗೆ ಹೊರಳಿಸಿ ಉಲೂಲು ಎಂದು ಕೂಗಿದರು, ಯಾರೋ ಶರಬತ್ತು ತರಿಸಿದರು. ಸುತ್ತೋಲೆಯ ಕೊನೆಯ ಸಾಲನ್ನು ಓದಿದವನು ನಾನೊಬ್ಬನೇ: ಹೊಸ ವರ್ಷಕ್ಕೂ ಮುಂದುವರಿಯುವ ಯೋಜನೆಗಳವರಿಗೆ ಮಾತ್ರ. ಹುಳದ ಯೋಜನೆ ಮುಂದುವರಿಯಬೇಕೋ ಬೇಡವೋ ಎಂದು ನೋಡಲು ತನಿಖೆಯವರು ಏಪ್ರಿಲ್‌ನಲ್ಲಿ ಬರುವವರಿದ್ದರು. ನಮ್ಮ ಕಾಲುವೆಯಲ್ಲಿ ಎರಡು ಹಂಗಾಮಿನಿಂದ ಒಂದು ಹುಳವೂ ಸಿಕ್ಕಿರಲಿಲ್ಲ.

ಮಾರನೆಯ ದಿನ ಕರನಿ ನನ್ನ ಮೇಜಿನ ಮುಂದೆ ಬಂದು ನಿಂತ. ಕೂರಲಿಲ್ಲ.

"ಉಸ್ತಾದ್, ಹುಳ ಇಲ್ಲ ಅಂದ್ರೆ ಏನಾಗುತ್ತೆ?"

"ಏನಾಗುತ್ತೆ? ಹೊಗಳಿಕೆ ಪತ್ರ ಬರುತ್ತೆ. ಯೋಜನೆ ಗುರಿ ಮುಟ್ಟಿತು ಅಂತ ಷರಾ ಬರೀತಾರೆ. ಜುಲೈಯಿಂದ ಯೋಜನೆ ಇರಲ್ಲ."

"ಮತ್ತೆ ಆ ಮೊದಲನೇ ಬಾಗಿಲು?"

"ಮುಗಿದ ಯೋಜನೆಯವರಿಗೆ ಯಾವ ಬಾಗಿಲೂ ಇಲ್ಲ ಕಣಯ್ಯಾ."

"ಅಂದ್ರೆ ಕೆಲಸ ಸರಿಯಾಗಿ ಮಾಡಿದ್ದೇ ತಪ್ಪಾಯ್ತು ಅನ್ನಿ."

"ನಾನು ಹಾಗನ್ನಲಿಲ್ಲಪ್ಪ. ಸುತ್ತೋಲೆ ಅನ್ನುತ್ತೆ."

"ನನ್ನ ಹೊಟ್ಟೆ ನೋಡಿ ಉಸ್ತಾದ್," ಎಂದು ಜುಬ್ಬಾ ಎಳೆದು ಹಿಡಿದ. ಹೊಟ್ಟೆ ನೀರು ತುಂಬಿ ಉಬ್ಬಿತ್ತು, ಕಾಲು ಕಡ್ಡಿಯಾಗಿತ್ತು. "ಡಾಕ್ಟ್ರು ನನ್ನತ್ರ ಸುಳ್ಳು ಹೇಳ್ತಾರೆ, ನಾನು ಇನ್ಶಿರಾ ಹತ್ರ ಸುಳ್ಳು ಹೇಳ್ತೀನಿ. ಜುಲೈ ಆದ್ಮೇಲೆ ಸತ್ರೆ ಅವಳಿಗೆ ಏನಾದ್ರೂ ಬರುತ್ತಾ?"

"ಮೊದಲ ಬಾಗಿಲಿಂದ ಒಂದು ಸಂಬಳ ತಗೊಂಡು ಸತ್ರೂ ಅವಳು ಬದುಕಿರೋವರೆಗೆ ಪಿಂಚಣಿ."

"ಜುಲೈಗೆ ಮುಂಚೆ ಸತ್ರೆ?"

ನಾನು ಸುತ್ತೋಲೆಯನ್ನು ಮಡಚಿ ಇಟ್ಟೆ. ಸಿಮೆಂಟಿನ ಮೂಟೆ ಒಡೆದರೆ ಅದರ ಹೆಂಡತಿಗೆ ಯಾರು ಪಿಂಚಣಿ ಕೊಡುತ್ತಾರೆ?

ಮುಂದಿನದನ್ನು ನನಗೆ ಆಮೇಲೆ ಅವನೇ ಹೇಳಿದ. ಹುಳದ ತಂಡದಲ್ಲಿ ಅವನಲ್ಲದೆ ಹನ್ನೊಂದು ಮಂದಿ ಇದ್ದರು. ಅವರಲ್ಲಿ ತವ್ವಾಬ್ ಎಂಬುವನು ಬಾಯಿಬಡುಕ, ನಾಲ್ಕು ಮಕ್ಕಳ ತಂದೆ, ಕೆಟ್ಟವನಲ್ಲ. ಅವನು ದೂರದ ಬಸಿಗಾಲುವೆಯೊಂದಕ್ಕೆ ಹೋಗಿ ಒಂದು ಪ್ಲಾಸ್ಟಿಕ್ ಟಬ್ಬಿನ ತುಂಬ ಹುಳ ಹಿಡಿದು ತಂದ. ಮೇಲೆ ಒದ್ದೆ ಗೋಣಿ ಮುಚ್ಚಿ, ಮೊಪೆಡ್ಡಿನ ಹಿಂದೆ ಕಟ್ಟಿ, ಮುಲೂಖಿಯಾ ಸೊಪ್ಪು ತಂದವನ ಹಾಗೆ ಬಂದ.

"ಅಣ್ಣಾ, ಇಷ್ಟು ವರ್ಷ ಹೆಕ್ಕಿ ಹೆಕ್ಕಿ ತೆಗೆದಿದೀಯ. ಒಂದು ಟಬ್ಬು ವಾಪಸ್ ಹಾಕಿದ್ರೆ ಆಕಾಶ ಕಳಚಿ ಬೀಳಲ್ಲ."

"ಲೇ, ಅದು ಮರಿ ಹಾಕುತ್ತೆ ಕಣೋ."

"ಹಾಕ್ಲಿ ಬಿಡು. ತನಿಖೆಯವ್ರು ನೋಡ್ಕೊಂಡು ಹೋಗ್ಲಿ. ಜುಲೈಯಲ್ಲಿ ಯೋಜನೆ ದುಡ್ಡು ಬರುತ್ತೆ, ಮದ್ದು ಬರುತ್ತೆ, ಒಂದೇ ಸಲ ಸುರಿದು ವಂಶ ನಿರ್ನಾಮ ಮಾಡೋಣ. ಮೂರು ತಿಂಗಳ ನೆಂಟರು ಅಂತ ತಿಳ್ಕೋ."

"ಅಷ್ಟರಲ್ಲಿ ಮಕ್ಕಳು ನೀರಿಗಿಳಿದ್ರೆ?"

"ಇಳೀದಿರೋ ಹಾಗೆ ನೋಡ್ಕೊಳ್ಳೋಣ. ಅಣ್ಣಾ, ನಿನಗೊಬ್ಬನಿಗೆ ಅಲ್ಲ ಇದು. ಹನ್ನೆರಡು ಮನೆ. ನೀನು ದೊಡ್ಡ ಸಾಧು ಆಗಿ ಹುಳ ಇಲ್ಲ ಅಂದ್ರೆ ನನ್ನ ಮಕ್ಕಳಿಗೆ ಏನು, ನಿನ್ನ ಸಾಧುತನ ಬೇಯಿಸಿ ಹಾಕ್ಲಾ?"

ಕರನಿ ಬೈದ, ಟಬ್ಬನ್ನು ಒದೆಯಲು ಕಾಲೆತ್ತಿದ. ಆಮೇಲೆ ಕಾಲು ಇಳಿಸಿದ. ತವ್ವಾಬ್ ಅದನ್ನು ಎತ್ತಿಕೊಂಡು ನಮ್ಮ ಕಾಲುವೆಯ ಸ್ನಾನದ ಮೆಟ್ಟಿಲಿನ ಕಡೆ ಹೊರಟಾಗ ಅವನ ಕೈಯಿಂದ ಕಿತ್ತುಕೊಂಡ. "ಅಲ್ಲಿ ಬೇಡ, ಗೂಬೆ ನನ್ಮಗನೆ. ಹಾಕೋದಾದ್ರೆ ನಾನೇ ಹಾಕ್ತೀನಿ." ಹಳೆಯ ಹಿಟ್ಟಿನ ಗಿರಣಿಯ ಹಿಂದೆ, ಜನ ಓಡಾಡದ ಕಡೆ, ನೀರು ನಿಧಾನವಾದ ಜಾಗ ಹುಡುಕಿ ತಾನೇ ಇಳಿದು ಸುರಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೂ ಅವನೇ, ದೊಣ್ಣೆಯೂ ಅವನೇ.

ತನಿಖೆಯವರು ಬಂದರು, ಜರಡಿ ಹಾಕಿದರು, ಹುಳ ಎದ್ದಿತು. ಅವರಲ್ಲಿ ಇಬ್ಬರು ಖುಷಿಯಾಗಿ ಹುಳದ ಫೋಟೋ ತೆಗೆದುಕೊಂಡರು. ಯೋಜನೆ ಉಳಿಯಿತು. ಜುಲೈಯಲ್ಲಿ ಹನ್ನೆರಡು ಹೆಸರೂ ಮೊದಲ ಬಾಗಿಲಿನ ಪಟ್ಟಿಗೆ ಬಂದವು. ಇನ್ಶಿರಾ ಎರಡು ಬಾತು ಕೊಯ್ದು ಅನ್ನದ ಜೊತೆ ಕಚೇರಿಗೆ ಕಳಿಸಿದಳು. ನಾನೂ ತಿಂದೆ, ಬಾಯಿ ಚಪ್ಪರಿಸಿಯೇ ತಿಂದೆ. ಅವಳ ಕಣ್ಣಲ್ಲಿ ಅವತ್ತು ಇದ್ದ ನೆಮ್ಮದಿಯನ್ನು ನಾನು ಮರೆಯಲಾರೆ.

ಆದರೆ ಮದ್ದು ಬರಲಿಲ್ಲ.

ಇದರಲ್ಲಿ ಯಾರ ಕಳ್ಳತನವೂ ಇಲ್ಲ, ಅದೇ ನನ್ನ ಹೊಟ್ಟೆ ಉರಿಸುವ ಸಂಗತಿ. ಈ ಜನ ಆರನೆಯ ಬಾಗಿಲಲ್ಲಿ ಇದ್ದಾಗ ಅವರ ಕೂಲಿ, ಅವರ ಬೂಟು, ಅವರ ಮದ್ದು ಎಲ್ಲ ಒಂದೇ ಯೋಜನೆಯ ದುಡ್ಡಿನಿಂದ ಬರುತ್ತಿತ್ತು. ಜನ ಮೊದಲ ಬಾಗಿಲಿಗೆ ದಾಟಿದರು. ನೌಕರರೇ ಕಾಯಂ ಆದ ಮೇಲೆ ಯೋಜನೆಗೆ ಬೇರೆ ದುಡ್ಡೇಕೆ ಎಂದು ಕೈರೋದಲ್ಲಿ ಯಾರೋ ಬುದ್ಧಿವಂತ ಉಳಿದ ಮೊತ್ತವನ್ನು ಹೊಡೆದು ಹಾಕಿದ. ಮದ್ದು ಇನ್ನು ಮುಂದೆ ಎರಡನೆಯ ಬಾಗಿಲಿಂದ ಬರಬೇಕು ಎಂದ. ಎರಡನೆಯ ಬಾಗಿಲಿನವನು ನಮ್ಮ ಪಟ್ಟಿಯಲ್ಲಿ ಹುಳದ ಮದ್ದು ಎಂಬ ಸಾಲೇ ಇಲ್ಲ, ಮುಂದಿನ ವರ್ಷ ಸೇರಿಸಿ ಕಳಿಸಿ ಎಂದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಹನ್ನೆರಡು ಮಂದಿ ಕಾಯಂ ನೌಕರರು ಕೈಯಲ್ಲಿ ಒಂದು ಚಮಚ ಮದ್ದಿಲ್ಲದೆ ಕಾಲುವೆಯ ದಡದಲ್ಲಿ ನಿಂತರು. ಹುಳ ಸೆಖೆಗೆ ಹೆಚ್ಚಿತು. ಗಿರಣಿಯ ಹಿಂದಿನಿಂದ ಮೆಟ್ಟಿಲವರೆಗೂ ಬಂತು.

ಕರನಿ ಆ ಬೇಸಿಗೆ ಹುಚ್ಚನಂತಾದ. ಜರಡಿ ಹಿಡಿದು ಒಬ್ಬನೇ ಇಳಿದು ಗೋರುವುದು, ಸುಸ್ತಾದರೆ ದಡದಲ್ಲಿ ಕೂತು ನೀರಿಗಿಳಿದ ಮಕ್ಕಳ ಮೇಲೆ ಕೋಲು ಬೀಸುವುದು. "ಏಳ್ರೋ ಮೇಲಕ್ಕೆ! ಕಾಲು ಮುರೀತೀನಿ!" ಪಾತ್ರೆ ತೊಳೆಯುವ ಹೆಂಗಸರನ್ನೂ ಬಿಡಲಿಲ್ಲ. ಊರವರಿಗೆ ರೇಗಿತು. "ಮೊದಲನೇ ಬಾಗಿಲು ಸಿಕ್ಕಿದ್ದೇ ಸಿಕ್ಕಿದ್ದು, ಕಾಲುವೆ ಇವರಪ್ಪನದು ಆಗೋಯ್ತು," ಎಂದು ಕಾಫಿ ಅಂಗಡಿಯಲ್ಲಿ ಆಡಿಕೊಂಡರು. ಒಬ್ಬಳು ಅವನ ಮುಖದ ಮೇಲೇ, "ಸಾಹೇಬ್ರೇ, ನಲ್ಲಿ ನೀರು ವಾರಕ್ಕೆರಡು ಸಲ ಬಿಡ್ತೀರಿ, ಪಾತ್ರೆ ಏನು ನಾಲಿಗೇಲಿ ನೆಕ್ಕಿ ತೊಳೀಲಾ?" ಎಂದಳು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಲಕೋಟೆಯೊಂದನ್ನು ಇಟ್ಟ. ಒಡೆಯದ ಸಂಬಳ.

"ಇದನ್ನ ತಗೊಂಡು ಮದ್ದು ತರಿಸಿ ಉಸ್ತಾದ್."

"ತಲೆ ಕೆಟ್ಟಿದ್ಯಾ?"

"ಕೆಟ್ಟಿಲ್ಲ. ಇದು ಸಾಲಲ್ಲ ಅಂದ್ರೆ ಮುಂದಿನ ತಿಂಗಳದ್ದೂ ತಗೊಳ್ಳಿ."

"ಕರನಿ, ಕೇಳು. ಒಂದು ಬಾಗಿಲಿನ ದುಡ್ಡು ಇನ್ನೊಂದು ಬಾಗಿಲಿಗೆ ಹಾಕೋ ಹಾಗಿಲ್ಲ. ಮಂತ್ರಿ ಸಹಿ ಬೇಕು. ನಿನ್ನ ಸಂಬಳ ಮೊದಲನೇದು, ಮದ್ದು ಎರಡನೇದು."

"ಇದು ಈಗ ನನ್ನ ದುಡ್ಡು."

"ನಿನ್ನ ದುಡ್ಡಾದ್ರೆ ದಾನ ಅಂತ ತಗೋಬೇಕು. ದಾನ ಖಜಾನೆಗೆ ಹೋಗುತ್ತೆ. ಅಲ್ಲಿಂದ ಯಾವ ಊರಿನ ಯಾವ ಬಾಗಿಲಿಗೆ ಹೋಗುತ್ತೋ ದೇವರಿಗೇ ಗೊತ್ತು, ನಿನ್ನ ಕಾಲುವೆಗಂತೂ ಬರಲ್ಲ. ಅಂಗಡೀಲಿ ತರೋಣ ಅಂದ್ರೆ ಅದು ವಿಷ, ಇಲಾಖೆ ಬಿಟ್ಟು ಬೇರೆಯವ್ರಿಗೆ ಕೊಡಲ್ಲ."

ಅವನು ಮೇಜಿನ ಅಂಚು ಹಿಡಿದುಕೊಂಡ. "ಸಿಮೆಂಟಿನ ಬಾಗಿಲಿಂದ ಇಷ್ಟು ವರ್ಷ ನನಗೆ ರೊಟ್ಟಿ ಹಾಕಿದ್ರಿ. ಅವತ್ತು ಇವನು ಸಿಮೆಂಟೋ ಮನುಷ್ಯನೋ ಅಂತ ಯಾರೂ ನೋಡ್ಲಿಲ್ಲ. ಕೊಡೋವಾಗ ಇಲ್ಲದ ಬಾಗಿಲು, ನಾನು ವಾಪಸ್ ಕೊಡೋವಾಗ ಎಲ್ಲಿಂದ ಬಂತು?"

"ವಾಪಸ್ ಯಾಕೆ ಕೊಡ್ತೀಯ? ನೀನೇನು ಕದ್ದಿದ್ಯಾ?"

ಆಗ ಹೇಳಿದ. ಟಬ್ಬು, ಗೋಣಿ, ಗಿರಣಿಯ ಹಿಂದೆ, ಎಲ್ಲ.

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ವ್ಯವಸ್ಥೆಯ ಮೇಲೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ಸುಳ್ಳು. ಅವನ ಮೇಲೂ ಬಂತು. ನನ್ನ ಮೊಮ್ಮಕ್ಕಳೂ ಅದೇ ಕಾಲುವೆಯಲ್ಲಿ ಈಜುತ್ತಾರೆ. ಬಾಗಿಲು ಹಾಕಿ ಅವನನ್ನು ಚೆನ್ನಾಗಿ ಬೈದೆ. ಅವನು ತಲೆ ತಗ್ಗಿಸಿ ಬೈಸಿಕೊಂಡ. ಬೈದು ಮುಗಿದ ಮೇಲೆ ನೀರು ಕೊಟ್ಟೆ. ಇದನ್ನು ಮೇಲಿನವರಿಗೆ ಬರೆದರೆ ಹನ್ನೆರಡು ಮನೆಗಳ ಬಾಗಿಲು ಮುಚ್ಚುತ್ತದೆ, ಇನ್ಶಿರಾಳದು ಮೊದಲು. ಬರೆಯದಿದ್ದರೆ ನೀರಿನಲ್ಲಿ ಹುಳ ಹಾಗೇ ಇರುತ್ತದೆ. ಬರೆದರೂ ಹಾಗೇ ಇರುತ್ತದೆ. ಮದ್ದು ತುರ್ತಾಗಿ ಬೇಕೆಂದು ಮಾತ್ರ ಇನ್ನೊಮ್ಮೆ ಅರ್ಜಿ ಹಾಕಿದೆ.

ಕರನಿ ಆ ಚಳಿಗಾಲ ದಾಟಲಿಲ್ಲ. ಮದ್ದು ಮುಂದಿನ ಜುಲೈಯಲ್ಲಿ ಬಂತು, ತವ್ವಾಬನೇ ನಿಂತು ಸುರಿದ. ಇನ್ಶಿರಾಳಿಗೆ ಪಿಂಚಣಿ ಬರುತ್ತಿದೆ, ಅವಳು ತೆಗೆದುಕೊಳ್ಳುತ್ತಿದ್ದಾಳೆ. ತೆಗೆದುಕೊಳ್ಳಬಾರದು ಎನ್ನುವವರು ಬಂದು ಅವಳ ಒಲೆ ಹೊತ್ತಿಸಲಿ. ಆದರೆ ಕರನಿಯ ಕಥೆ ಎಂದಾಗ ನನ್ನ ಮನಸ್ಸಿಗೆ ಬರುವುದು ಅವನ ಸಾವಲ್ಲ, ಅದಕ್ಕೆ ಕೆಲವು ವಾರ ಮುಂಚಿನ ಒಂದು ಮಧ್ಯಾಹ್ನ.

ಅರ್ಜಿಗೆ ಉತ್ತರ ಬಂದಿತ್ತು, ಮುಂದಿನ ವರ್ಷದ ಬಜೆಟ್ಟಿನಲ್ಲಿ ಪರಿಗಣಿಸಲಾಗುವುದು ಎಂದು. ಅದನ್ನು ಬಾಯಿಮಾತಿನಲ್ಲೇ ತಿಳಿಸಿ, ಅವನನ್ನು ನೋಡಿಕೊಂಡು ಬರೋಣವೆಂದು ಮನೆಗೆ ಹೋದೆ. ಕರನಿ ಗೋಡೆಗೆ ದಿಂಬು ಕೊಟ್ಟು ಒರಗಿದ್ದ. ಮುಖ ಹಳದಿ. ಕೆಳಗೆ ಚಾಪೆಯ ಮೇಲೆ ನದಾ ಮಲಗಿದ್ದಳು, ಇನ್ಶಿರಾ ಅವಳ ತಲೆ ಸವರುತ್ತಿದ್ದಳು. ಪಕ್ಕದಲ್ಲಿ ಆರೋಗ್ಯ ಕೇಂದ್ರದ ಮಾತ್ರೆಯ ಪೊಟ್ಟಣ. ನೋಡಿದ ಕೂಡಲೇ ನನಗೆ ತಿಳಿಯಿತು.

"ಬನ್ನಿ ಉಸ್ತಾದ್, ಕೂತ್ಕೊಳ್ಳಿ," ಎಂದಳು ಇನ್ಶಿರಾ. "ಮಗೂಗೆ ಕೆಂಪಗೆ ಹೋಗ್ತಿದೆ. ಮಾತ್ರೆ ಕೊಟ್ಟಿದಾರೆ, ವಾಸಿಯಾಗುತ್ತೆ ಅಂದ್ರು. ನನ್ನ ಬಾತುಗಳನ್ನ ಸಂಜೆ ನೀರಿಂದ ಎಬ್ಬಿಸ್ಕೊಂಡು ಬರೋಳು ಇವಳೇ. ಇವರಜ್ಜ ಮಲಗಿದ್ಮೇಲೆ ಬೈಯೋರು ಯಾರೂ ಇರ್ಲಿಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. ಧ್ವನಿ ಏರಲಿಲ್ಲ. "ಹೋದ ವರ್ಷ ಒಂದೂ ಹುಳ ಇಲ್ಲ ಅಂತ ನನ್ನ ಮುಂದೆ ಎದೆ ತಟ್ಕೊಂಡಿದ್ದೆ. ಇವೆಲ್ಲಿಂದ ಬಂದ್ವು?"

ಕರನಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ನಾನು ಹಾಕ್ದೆ," ಎಂದ.

ಅವಳ ಕೈ ಮಗುವಿನ ತಲೆಯ ಮೇಲೆ ನಿಂತಿತು. "ಯಾಕೆ?"

"ಬಾಗಿಲಿಗೆ. ಹುಳ ಇಲ್ಲದಿದ್ರೆ ಯೋಜನೆ ಇಲ್ಲ. ಯೋಜನೆ ಇಲ್ಲದಿದ್ರೆ..." ಮುಂದೆ ಹೇಳಲಾರದೆ ತನ್ನ ಹೊಟ್ಟೆಯನ್ನು ತೋರಿಸಿದ. "ನಾನು ಹೋದ್ಮೇಲೆ ನಿನಗೆ."

"ನನಗೆ."

"ಹೂಂ."

"ಆ ಪಿಂಚಣಿ ತಿನ್ನೋಳು ನಾನು. ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ದೆ ಇನ್ಶಿರಾ. ನಿನ್ನ ಗುಣ ನನಗೆ ಗೊತ್ತಿಲ್ವಾ?"

ಹೊರಗೆ ಬಾತುಗಳು ಗಲಾಟೆ ಮಾಡುತ್ತಿದ್ದವು. ನಾನು ಎದ್ದು ಹೋಗಬೇಕಿತ್ತು, ಆದರೆ ಏಳಲು ಆಗಲಿಲ್ಲ.

"ಇಲ್ಲ," ಎಂದಳು ಕೊನೆಗೆ. "ಹಾಕು ಅಂತಿದ್ದೆ. ನನಗೂ ಭಯ ಇತ್ತು ಕಣೋ. ದಿನಾ ಇತ್ತು. ಹಾಕು ಅಂತಲೇ ಅಂತಿದ್ದೆ. ಆಗ ಇದು ನಿನ್ನೊಬ್ಬನ ತಲೆ ಮೇಲೆ ಇರ್ತಿರಲಿಲ್ಲ."

ಮಗುವಿನ ತಲೆಯನ್ನು ಮೆಲ್ಲಗೆ ಚಾಪೆಗಿಳಿಸಿ, ಎದ್ದು ಹೋಗಿ ಅವನ ಪಕ್ಕ ಕೂತಳು. ಕರನಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅತ್ತ. ಅವಳು ಅಳು ನಿಲ್ಲಿಸು ಅನ್ನಲಿಲ್ಲ, ಪಕ್ಕದಿಂದ ಏಳಲೂ ಇಲ್ಲ.